ಖಾಲಿ ಬಂದ ಡಬ್ಬಿ

ಬೆಳಿಗ್ಗೆ ಎದುರುಮನೆ ಸರೋಜಮ್ಮನವರ ಸ್ಟೀಲ್ ಡಬ್ಬಿ ತೊಳೆಯುತ್ತಿದ್ದೆ. ಕೋಡುಬಳೆ ಮುಗಿದಿತ್ತು, ಮುಗಿಸಿದ್ದು ಯಾರೆಂದು ಕೇಳಬೇಡಿ. ತಳದಲ್ಲಿ ಇಂಗಿನ ವಾಸನೆ ಮಾತ್ರ ಹಾಗೇ ಕೂತಿತ್ತು. ಆ ಖಾಲಿ ಡಬ್ಬಿ ನೋಡಿ ನನಗೆ ನೆನಪಾದದ್ದು ಸರೋಜಮ್ಮನಲ್ಲ, ಜಪಾನ್. ನಗಬೇಡಿ, ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಬನಶಂಕರಿಯ ನಮ್ಮ ಮಹಡಿಮನೆಗೆ ಯೂಕೋ ಎಂಬ ಜಪಾನಿ ಹುಡುಗಿ ಬಾಡಿಗೆಗೆ ಬಂದಳು. ಹಗಲು ಆಫೀಸು, ಸಂಜೆ ಕನ್ನಡ ಕ್ಲಾಸು. ಅವಳು ಬರುವ ಮುಂಚೆಯೇ ನಾನು ಫೋನಿನಲ್ಲಿ ಒಂದೆರಡು ವೀಡಿಯೋ ನೋಡಿ ಜಪಾನ್ ಪಂಡಿತನಾಗಿದ್ದೆ. ಮೊದಲ ದಿನ ನಾನು ಸೊಂಟ ಬಗ್ಗಿಸಿ ವಂದಿಸಿದೆ. ಅವಳು ಅಭ್ಯಾಸ ಮಾಡಿಕೊಂಡು ಬಂದಿದ್ದ ನಮಸ್ಕಾರ ಮಾಡಿದಳು. ಇಬ್ಬರಿಗೂ ತಪ್ಪಾಯಿತೆನಿಸಿ, ನಾನು ಕೈ ಮುಗಿದೆ, ಅವಳು ಬಗ್ಗಿದಳು. ಇದು ಇನ್ನೂ ಎಷ್ಟು ಹೊತ್ತು ನಡೆಯುತ್ತಿತ್ತೋ. "ಆ ಮಗೂನ ಒಳಗ್ ಬರೋಕ್ ಬಿಡೋ" ಎಂದಳು ಅಮ್ಮ.

ಚಪ್ಪಲಿ ಹೊರಗೆ ಬಿಡುವುದನ್ನು ಅವಳಿಗೆ ಕಲಿಸಬೇಕಾಗಲಿಲ್ಲ. ಆದರೆ ಅಮ್ಮ ಮಹಡಿಗೆ ಹೋಗಿ ಮಾತಾಡಿ ಎದ್ದು ಬರುವಷ್ಟರಲ್ಲಿ, ಅಮ್ಮನ ಚಪ್ಪಲಿ ಮೆಟ್ಟಿಲ ಕಡೆ ಮುಖಮಾಡಿ ಜೋಡಿಸಿಟ್ಟಿರುತ್ತಿತ್ತು. "ಬೇಗ ಹೊರಡು ಅಂತ ತಿರುಗ್ಸಿಟ್ಟಿದಾಳೆ ಕಣೋ" ಎಂದು ಅಮ್ಮ ಮುಖ ಊದಿಸಿಕೊಂಡಳು. ಹೊರಡುವವರಿಗೆ ಮೆಟ್ಟಿಕೊಳ್ಳಲು ಸುಲಭವಾಗಲಿ ಎಂಬುದು ಅವರ ಮರ್ಯಾದೆ ಎಂದು ನಾನು ತಿಳಿದು ಹೇಳುವಷ್ಟರಲ್ಲಿ ಅಮ್ಮನ ಕೋಪ ಸುಮಾರು ಖರ್ಚಾಗಿತ್ತು.

ಡಬ್ಬಿಯದು ಅಷ್ಟು ಸುಲಭಕ್ಕೆ ಬಗೆಹರಿಯಲಿಲ್ಲ. ನಮ್ಮ ಮನೆಯಲ್ಲಿ ಬೇರೆಯವರ ಡಬ್ಬಿಯನ್ನು ಬರಿದಾಗಿ ಕಳಿಸುವ ಹಾಗಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ಯೂಕೋ ಊರಲ್ಲೂ ಯಾರಾದರೂ ಕೊಟ್ಟರೆ ಪ್ರತಿಯಾಗಿ ಕೊಡಲೇಬೇಕು. ಅಮ್ಮ ಚಕ್ಕುಲಿ ಕಳಿಸಿದಳು, ಅದೇ ಡಬ್ಬಿಯಲ್ಲಿ ಅಕ್ಕಿಯ ಬಿಸ್ಕತ್ತು ಬಂತು, ಒಂದೊಂದಕ್ಕೂ ಕಾಗದದ ಅಂಗಿ. ಇಷ್ಟು ಕೊಟ್ಟ ಮೇಲೆ ಸುಮ್ಮನಿರುವುದು ಹೇಗೆಂದು ಒಬ್ಬಟ್ಟು ಹೋಯಿತು, ಪುಟ್ಟ ಟವೆಲ್ ಬಂತು. ಕೊಡುವಾಗ ಇಬ್ಬರೂ "ಏನೂ ಇಲ್ಲ, ಸುಮ್ನೆ ಸ್ವಲ್ಪ" ಎಂದೇ ಹೇಳುತ್ತಿದ್ದರು. ಮೆಟ್ಟಿಲು ಹತ್ತಿ ಇಳಿದು ತೆಳ್ಳಗಾಗಬೇಕಿದ್ದ ನಾನು ದಾರಿಯಲ್ಲೇ ರುಚಿ ನೋಡಿ ದಪ್ಪಗಾದೆ.

ಅಮ್ಮನಿಗೆ ಮಾತ್ರ ಒಳಗೊಳಗೇ ಬೇಸರ. ಮಗಳೊಬ್ಬಳು ಬೇಕಿತ್ತೆಂಬ ಆಸೆ ಅವಳಿಗೆ ಕೊನೆಗೂ ತೀರಿರಲಿಲ್ಲ. ಈ ಹುಡುಗಿ ನಮ್ಮವಳಾಗಲಿ ಎಂದು ಕೊಟ್ಟಷ್ಟೂ ಅವಳು ಅತಿಥಿಯಾಗಿಯೇ ಉಳಿಯುತ್ತಿದ್ದಳು. ಒಂದು ದಿನ ಅಮ್ಮ ಚಿತ್ರಾನ್ನದ ಡಬ್ಬಿ ಹಿಡಿದು ತಾನೇ ಮೇಲೆ ಹೋಗಿ ಕೇಳಿಬಿಟ್ಟಳು. ನಾನು ಹಿಂದೆಯೇ ಇದ್ದೆ.

"ಪ್ರತಿ ಸಲ ಯಾಕಮ್ಮ ವಾಪಸ್ ಏನಾದ್ರೂ ಕೊಡ್ತೀಯ?"

"ತಗೊಂಡು ಸುಮ್ನೆ ಇದ್ರೆ ನಮ್ಮಲ್ಲಿ ಮರ್ಯಾದೆ ಅಲ್ಲ, ಆಂಟಿ."

"ನಿಮ್ಮಮ್ಮ ಊಟ ಹಾಕಿದ್ರೂ ವಾಪಸ್ ಕೊಡ್ತೀಯಾ?"

ಯೂಕೋ ಯೋಚಿಸಿದಳು. "ಇಲ್ಲ. ಅಮ್ಮಂಗೆ ಕೊಡಲ್ಲ."

ಆಮೇಲೆ ಡಬ್ಬಿ ಬರಲೇ ಇಲ್ಲ. ದಿನಗಳು ಕಳೆದವು. ಮೆಟ್ಟಿಲಲ್ಲಿ ಸದ್ದಾದರೆ ಅಮ್ಮ ಒಗ್ಗರಣೆ ಬಿಟ್ಟು ಬಂದು ನೋಡುತ್ತಿದ್ದಳು. "ಹಾಗೆ ಕೇಳ್ಬಾರ್ದಿತ್ತೇನೋ. ಮನಸ್ಸಿಗೆ ನೋವಾಯ್ತೋ ಏನೋ" ಎಂದು ನೂರು ಸಲ ಹೇಳಿದಳು. ಜಪಾನ್ ಪಂಡಿತ ಮತ್ತೆ ಫೋನಿನಲ್ಲಿ ವೀಡಿಯೋ ಹುಡುಕಲು ಕೂತ.

ಭಾನುವಾರ ಯೂಕೋ ಬಂದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು, ಪರೀಕ್ಷೆಗೆ ಬಂದವಳ ಹಾಗೆ ಬೆವರಿದ್ದಳು.

"ಅಮ್ಮಾ, ಇದ್ರಲ್ಲಿ ಏನೂ ಹಾಕಿಲ್ಲ."

ಆವರೆಗೆ ಅವಳು ಅಮ್ಮನನ್ನು ಆಂಟಿ ಎನ್ನುತ್ತಿದ್ದಳು. ಖಾಲಿ ಡಬ್ಬಿ ಕೊಡಲು ಅವಳಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ನನಗೆ ಆಗ ಅರ್ಥವಾಯಿತು. ಅಮ್ಮ ಮುಚ್ಚಳ ತೆಗೆದು ನೋಡಿದಳು, ಮುಚ್ಚಿದಳು. "ಒಳ್ಳೇದಾಯ್ತು. ಕೂತ್ಕೋ, ಉಪ್ಪಿಟ್ಟು ತಣ್ಣಗಾಗುತ್ತೆ" ಎಂದು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಯೂಕೋ ತನ್ನೂರಿಗೆ ಮರಳಿ ಬಹಳ ದಿನವಾಯಿತು. ಇವತ್ತು ಸರೋಜಮ್ಮನ ಡಬ್ಬಿಯನ್ನು ಬರಿದಾಗಿಯೇ ಹಿಡಿದು ಹೊರಟವನನ್ನು ಅಮ್ಮ ತಡೆದಳು. ಹತ್ತಿರದವರಿಗೆ ಹೀಗೇ ಕೊಡಬಹುದು ಎಂದೆ.

"ಅವಳು ಕೊಟ್ರೆ ಪ್ರೀತಿ. ನೀನ್ ಕೊಟ್ರೆ ಸೋಮಾರಿತನ" ಎಂದು ಒಂದು ಹಿಡಿ ಸಕ್ಕರೆ ಸುರಿದಳು. ಆಮೇಲೆ ಮುಚ್ಚಳ ಒತ್ತುತ್ತಾ, "ಮುಂದಿನ ತಿಂಗ್ಳು ಬರ್ತಾಳಲ್ಲ ಯೂಕೋ, ಅವಳಿಗೆ ಮೆಸೇಜ್ ಹಾಕು. ಬರೀ ಕೈಲಿ ಬರ್ಬೇಕು ಅಂತ ಹೇಳು" ಎಂದಳು.

ಹಾಕಿದೆ. ಉತ್ತರ ತಕ್ಷಣ ಬಂತು: "ಸರಿ. ಅಮ್ಮಂಗೆ ಹೇಳಿ, ಹಸಿವಾಗಿ ಬರ್ತೀನಿ."