ಪುಕ್ಕಟೆ ಸಿಕ್ಕ ಗಾಳ

ಆ ಗಾಳದ ಕೋಲಿಗೆ ನಾನು ತೆತ್ತದ್ದು ಒಂದು ಸುಳ್ಳು ಮಾತ್ರ; ರಿಯಾಲ್ ಒಂದೂ ಬಿಚ್ಚಲಿಲ್ಲ. ಇದಕ್ಕಿಂತ ಸೋವಿಯ ವ್ಯಾಪಾರವನ್ನು ಇಡೀ ದೋಹಾದಲ್ಲಿ ಯಾರೂ ಮಾಡಿರಲಿಕ್ಕಿಲ್ಲ ಎಂದು ಬೀಗಿದ್ದೆ.

ಮುಶೈರಿಬ್‌ನ ನನ್ನ ಅಂಗಡಿಯಲ್ಲಿ ಹಳೇ ಸಾಮಾನಿನದೇ ವ್ಯಾಪಾರ. ಕೆಲಸ ಮುಗಿಸಿ ಊರಿಗೆ ಹೊರಟ ಸಾಹೇಬರು ಸೋಫಾ, ಫ್ರಿಜ್ಜು ಮಾರುತ್ತೇವೆಂದು ಸೂಪರ್ ಮಾರ್ಕೆಟಿನ ಗೋಡೆಗೆ ಚೀಟಿ ಅಂಟಿಸುತ್ತಾರೆ. ಹೊಸಬರು ಚೀಟಿ ಕಂಡ ದಿನವೇ ಓಡುತ್ತಾರೆ. ನಾನು ವಿಮಾನ ಯಾವತ್ತೆಂದು ವಿಚಾರಿಸಿಕೊಂಡು ಅದರ ಹಿಂದಿನ ದಿನ ಹೋಗುತ್ತೇನೆ. ಅಷ್ಟು ಹೊತ್ತಿಗೆ ಮನುಷ್ಯ ಅರ್ಧ ಊರು ತಲುಪಿರುತ್ತಾನೆ. ಫ್ರಿಜ್ಜು ಅವನಿಗೆ ಭಾರ.

ಕುವೈತಿನ ಗಲಾಟೆ ಮುಗಿದ ಮೂರನೇ ಬೇಸಿಗೆ, ಅಲ್ ಹಿಲಾಲ್ ಬಡಾವಣೆಯಲ್ಲಿದ್ದ ಹ್ಯಾರಿ ಎಂಬ ಮುದಿ ಇಂಜಿನಿಯರರ ಮನೆಗೆ ಹಾಗೆಯೇ ಹೋದೆ. ಫ್ರಿಜ್ಜಿನ ಮಾತು ಮುಗಿದ ಮೇಲೆ ಮೂಲೆಯ ಕೋಲು ಕಣ್ಣಿಗೆ ಬಿತ್ತು: ಬೆರಳಿಗಿಂತ ತೆಳ್ಳಗೆ, ಬಳುಕುವಂಥದು. ಜತೆಗೊಂದು ತಗಡಿನ ಡಬ್ಬಿ. ಒಳಗೆ ಗರಿ, ನೂಲು ಸುತ್ತಿ ಅವರೇ ಕಟ್ಟಿದ ನೊಣಗಳು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಕೊಕ್ಕೆ. ರಜೆಗೆ ಹೋದಾಗಲೆಲ್ಲ ಸ್ಕಾಟ್ಲೆಂಡಿನ ಬೆಟ್ಟದ ಹೊಳೆಯಲ್ಲಿ ಸೊಂಟದ ತನಕ ತಣ್ಣೀರಿನಲ್ಲಿ ನಿಂತು, ಈ ಸುಳ್ಳು ನೊಣವನ್ನು ನಿಜದ್ದರಂತೆ ನೀರ ಮೇಲೆ ಕೂರಿಸುತ್ತಿದ್ದರಂತೆ. ಟ್ರೌಟ್ ಎಂಬ ಮೀನು ನಂಬಿ ಬಾಯಿ ಹಾಕುತ್ತದೆ. ಹಿಡಿದ ಮೇಲೆ? ಬಿಟ್ಟುಬಿಡುತ್ತಾರಂತೆ! ಮಂಗಳೂರಿನ ಕಡಲ ಬದಿಯವನು ನಾನು. ನಮ್ಮಲ್ಲಿ ಹಿಡಿದ ಮೀನನ್ನು ಬಿಟ್ಟು ಬಂದವನನ್ನು ಮನೆಯೊಳಗೆ ಸೇರಿಸುವುದಿಲ್ಲ.

"ಮುನ್ನೂರು" ಎಂದರು. "ಮೊಣಕಾಲು ಕೈಕೊಟ್ಟಿದೆ, ಹೊಳೆಗೆ ಇಳಿಯಕೂಡದಂತೆ. ಇಲ್ಲದಿದ್ದರೆ ಮಾರುತ್ತಿರಲಿಲ್ಲ."

"ಸರ್, ನಮ್ಮೂರ ಘಟ್ಟದಲ್ಲೂ ಇಂಥದೇ ಹೊಳೆ ಇದೆ" ಎಂದೆ, ಬೆಲೆ ಇಳಿಸಲು. "ಟ್ರೌಟೂ ಇದೆ. ಮಾರಲಿಕ್ಕಲ್ಲ, ನನಗೇ ಬೇಕು."

ನಾನು ಘಟ್ಟ ಹತ್ತಿದ್ದು ಜೀವಮಾನದಲ್ಲಿ ಒಮ್ಮೆ. ಹೊಳೆ ಕಂಡ ನೆನಪಿಲ್ಲ. ವಾಂತಿ ಮಾಡಿದ ತಿರುವುಗಳೆಲ್ಲ ನೆನಪಿವೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಅಂಗಳಕ್ಕೆ ಕರೆದೊಯ್ದು ಒಂದು ಗಂಟೆ ಹೊತ್ತು ಮರಳಿನ ಮೇಲೆ ದಾರ ಬೀಸುವುದನ್ನು ಕಲಿಸಿದರು. "ತಗೊಂಡು ಹೋಗು. ಹಣ ಬೇಡ. ಮೀನು ಸಿಕ್ಕಾಗ ಕಾಗದ ಬರೆ."

ಮರುವಾರವೇ ಕೋಲನ್ನು ಒಬ್ಬ ಫಿಲಿಪಿನೋ ಮೆಕ್ಯಾನಿಕ್‌ಗೆ ಮಾರಿದೆ. ಅವನು ಅದರಲ್ಲಿ ಕಡಲಿನ ದೊಡ್ಡ ಹಮೂರ್ ಮೀನು ಹಿಡಿಯಲು ಹೋಗಿ ಎರಡು ತುಂಡು ಮಾಡಿ ತಂದ. "ಖಲಾಸ್, ವಾಪಸ್ ಇಲ್ಲ" ಎಂದೆ. ಗರಿಯ ನೊಣ ಅವನಿಗೆ ಬೇಡವಾಗಿತ್ತು. ಡಬ್ಬಿ ನನ್ನಲ್ಲೇ ಉಳಿಯಿತು.

ಎರಡು ತಿಂಗಳಿಗೆ ಅಂಗಡಿಯ ವಿಳಾಸಕ್ಕೆ ಹ್ಯಾರಿಯವರ ಕಾಗದ ಬಂತು: ಮೀನು ಸಿಕ್ಕಿತೇ? ಯಾವ ನೊಣಕ್ಕೆ? ಡಬ್ಬಿಯಿಂದ ಒಂದು ಕಂದು ನೊಣ ಆರಿಸಿ, ಅದಕ್ಕೊಂದು ಹೊಳೆ, ಹೊಳೆಗೊಂದು ಬಂಡೆ, ಬಂಡೆಯ ಮರೆಯಲ್ಲೊಂದು ಮೀನು ಹುಟ್ಟಿಸಿ ಬರೆದೆ. ಹಿಡಿದು ಬಿಟ್ಟೆ ಎಂದೂ ಬರೆದೆ. ಇಲ್ಲದ ಮೀನನ್ನು ಬಿಡಲು ಕಷ್ಟವೇನು? ಮತ್ತೆ ಕಾಗದ, ಮತ್ತೆ ಮೀನು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಕಾಗದದಲ್ಲಿ ವರ್ಷಕ್ಕೆ ಮೂರು ಮಾಡಿಕೊಂಡೆ.

ಪಕ್ಕದ ಅಂಗಡಿಯ ಟೈಲರ್ ಇದ್ದಿನಬ್ಬ, ನನ್ನೂರಿನವನೇ, ಇಣುಕುತ್ತಿದ್ದ. "ಎಂಥ ಮಾರಾಯ್ರೇ, ಇವತ್ತು ಎಷ್ಟು ಕೆ.ಜಿ.?"

"ಸುಮ್ಮನಿರು. ಮುದುಕನಿಗೆ ಖುಷಿ ಆಗ್ತದೆ."

"ಖುಷಿಯನ್ನು ಪುಕ್ಕಟೆ ಕೊಡ್ಲಿಕ್ಕೆ ನೀವು ಯಾವಾಗ ಕಲ್ತದ್ದು?"

ಕೊನೆಯ ಕಾಗದ ಹ್ಯಾರಿಯವರ ಹೆಂಡತಿಯದು. ಅವರು ತೀರಿಕೊಂಡಿದ್ದರು. ಕೊನೆಯ ವಾರವೆಲ್ಲ ನನ್ನ ಕಾಗದಗಳನ್ನೇ ಓದಿಸಿಕೊಂಡರಂತೆ; ಆ ಬಂಡೆಯ ಮಾತು ಬಂದಾಗ ಮಲಗಿದಲ್ಲೇ ಕೈಯೆತ್ತಿ ದಾರ ಬೀಸುತ್ತಿದ್ದರಂತೆ. ಆಕೆಯದು ಒಂದೇ ಕೋರಿಕೆ: ಅವರು ಕಟ್ಟಿದ ಒಂದು ನೊಣವನ್ನು ನಿಮ್ಮ ಆ ಹೊಳೆಯಲ್ಲಿ ತೇಲಿಬಿಡಿ.

ಎರಡು ರಜೆ ಕಳೆದವು. ಡಬ್ಬಿಯನ್ನು ಊರಿಗೆ ಒಯ್ದದ್ದೂ ಆಯಿತು, ವಾಪಸು ತಂದದ್ದೂ ಆಯಿತು. ಒಮ್ಮೆ ಘಟ್ಟದ ಬಸ್ಸು ಹತ್ತಿ ಕೂತು, ಹೊರಡುವ ಮೊದಲೇ ಇಳಿದುಬಿಟ್ಟೆ. ಸಿಕ್ಕಿದ ಯಾವುದೋ ಹೊಳೆಯಲ್ಲಿ ಬಿಟ್ಟರೆ ಅದೂ ಇನ್ನೊಂದು ಸುಳ್ಳು ಕಾಗದವೇ ಅಲ್ಲವೇ? ಈಗ ಡಬ್ಬಿ ಅಂಗಡಿಯ ಮೇಲಿನ ಹಲಗೆಯಲ್ಲಿದೆ. ಕೇಳಿದವರಿಗೆ "ಮಾರುವುದಿಲ್ಲ" ಎಂದರೆ, ಇದೂ ನನ್ನ ಚೌಕಾಸಿಯ ವರಸೆಯೆಂದು ಬೆಲೆ ಏರಿಸುತ್ತಾರೆ.

ಆದ್ದರಿಂದ ನಿಮಗೆ ಹೇಳುತ್ತೇನೆ, ಕೇಳಿ. ಕೊಳ್ಳಲು ಕೊನೆಯ ದಿನವೇ ಹೋಗಿ. ಫ್ರಿಜ್ಜಿನ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ, ಮುಖ ಹುಳ್ಳಗೆ ಮಾಡಿ, ಅದರ ಬಗ್ಗೆ ಏನು ಬೇಕಾದರೂ ಹೇಳಿ. ನಿಮ್ಮ ಬಗ್ಗೆ ಮಾತ್ರ ಹೇಳಬೇಡಿ. ಚಹಾ ಕೊಟ್ಟರೆ ಕುಡಿಯಿರಿ, ಏನಾದರೂ ಕಲಿಸಲು ಬಂದರೆ ಎದ್ದುಬಿಡಿ. ಪುಕ್ಕಟೆ ಕೊಟ್ಟರಂತೂ ಜಗಳವಾಡಿಯಾದರೂ ಹತ್ತು ರಿಯಾಲ್ ಅವರ ಮೇಜಿನ ಮೇಲಿಟ್ಟು ಬನ್ನಿ. ಅಂದು ನಾನು ಇಟ್ಟು ಬಂದಿದ್ದರೆ ಈ ಡಬ್ಬಿ ಎಂದೋ ಮಾರಿಹೋಗಿರುತ್ತಿತ್ತು.