ಕೂತು ಹೋದ ಬೈರಾಸು

ಮೊನ್ನೆ ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ದಾರಿಯಾಗಿ ಉಜಿರೆಗೆ ಹೋಗುವ ಬಸ್ಸು ಹತ್ತಿದಾಗ ಒಂದೇ ಸೀಟು ಖಾಲಿ ಇತ್ತು. ಖಾಲಿ ಎಂದರೆ ಮನುಷ್ಯರಿರಲಿಲ್ಲ. ನೀಲಿ ಅಂಚಿನ ಕರವಸ್ತ್ರವೊಂದು ವಿರಾಜಮಾನವಾಗಿತ್ತು. ಸುತ್ತ ಆರೇಳು ಮಂದಿ ಕಂಬಿ ಹಿಡಿದು, ಅದರ ಕಡೆ ನೋಡದೆ ನಿಂತಿದ್ದರು.

ನಮ್ಮ ಸೀಮೆಯ ಈ ಶಾಸನ ನಿಮಗೂ ಗೊತ್ತಿರಬಹುದು. ಕಿಟಕಿಯಿಂದ ಎಸೆದ ಬಟ್ಟೆ ಎಲ್ಲಿ ಬಿತ್ತೋ ಆ ಸೀಟು ಎಸೆದವನದು. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದ್ದರಿಂದಲೇ ಯಾರೂ ಮೀರುವುದಿಲ್ಲ. ಬಸ್ಸಿನೊಳಗೆ ಬರೆದಿರುವುದು ‘ಉಗುಳಬಾರದು’ ಎಂದು. ಅದರ ಗತಿ ನೀವೇ ಕಂಡಿದ್ದೀರಿ.

ವರ್ಷಗಳ ಹಿಂದೆ ಮೊಣಗಂಟು ನೋವಿನ ನನ್ನ ದೊಡ್ಡಮ್ಮನನ್ನು ಬೆಳ್ತಂಗಡಿಯ ತಾಲೂಕು ಕಚೇರಿಗೆ ಕರೆದೊಯ್ಯಬೇಕಾಗಿತ್ತು. “ಕೂತು ಹೋಗ್ಲಿಕ್ಕೆ ಉಂಟಾದ್ರೆ ಮಾತ್ರ ಬರ್ತೇನೆ” ಎಂದಿದ್ದರು. ನಾನು ಮಾತು ಕೊಟ್ಟಿದ್ದೆ. ಬಸ್ಸು ನಿಲ್ಲುವ ಮೊದಲೇ ಓಡಿ, ಹೆಗಲ ಮೇಲಿನ ಮೈ ಒರೆಸುವ ಬೈರಾಸನ್ನು ಕಿಟಕಿಯೊಳಗೆ ಎಸೆದೆ. ಎಸೆತ ಅಮೋಘವಾಗಿತ್ತು. ಬಸ್ಸು ಮಾತ್ರ ಮೂಡುಬಿದಿರೆಯದು. ಬೋರ್ಡು ಓದಿದ್ದು ಅದು ಹೊರಟ ಮೇಲೆ.

ಆಮೇಲೆ ಬಂದ ಬೆಳ್ತಂಗಡಿ ಬಸ್ಸಿನ ಸೀಟುಗಳೆಲ್ಲ ಬೇರೆಯವರ ಬಟ್ಟೆಗಳ ವಶವಾಗಿದ್ದವು. ದೊಡ್ಡಮ್ಮ ದಾರಿಯುದ್ದಕ್ಕೂ ನಿಂತರು. ನನ್ನೊಡನೆ ಒಂದು ಮಾತೂ ಆಡಲಿಲ್ಲ. ಸಂಜೆ ಹಿಂದಿರುಗಿ ಬಿ.ಸಿ.ರೋಡಿನಲ್ಲಿ ಇಳಿದರೆ, ಮೂಡುಬಿದಿರೆ ಬಸ್ಸಿನ ಕಂಡಕ್ಟರು ನನ್ನ ಬೈರಾಸನ್ನು ಎತ್ತಿ ಹಿಡಿದು ಕೇಳುತ್ತಿದ್ದ.

“ಇದು ಯಾರದ್ದು ಮಾರಾಯ್ರೆ? ಮೂಡುಬಿದಿರೆವರೆಗೆ ಜನ ನೇತಾಡಿಕೊಂಡು ಬಂದ್ರು. ಈ ಸೀಟಲ್ಲಿ ಮಾತ್ರ ಒಬ್ಬ ಕೂತಿದ್ರೆ ಕೇಳಿ.”

ದೊಡ್ಡಮ್ಮ ಆಗ ಮೌನ ಮುರಿದರು. “ನಾನು ನಿಂತು ಹೋದದ್ದು. ನಿನ್ನ ಬೈರಾಸು ಕೂತು ಹೋದದ್ದು.”

ಮತ್ತೆಂದೂ ಅವರು ನನ್ನೊಡನೆ ಬಸ್ಸು ಹತ್ತಲಿಲ್ಲ.

ಈಗ ಮೊಣಗಂಟು ನೋವು ನನ್ನ ಪಾಲಿಗೆ ಬಂದಿದೆ. ಮೊನ್ನೆ ಬಸ್ಸು ಅರ್ಧ ದಾರಿಯ ಪುಂಜಾಲಕಟ್ಟೆ ದಾಟಿದರೂ ಕರವಸ್ತ್ರದ ಯಜಮಾನನ ಸುಳಿವಿಲ್ಲ. ದೊಡ್ಡಮ್ಮನನ್ನು ನೆನೆದು ಅದನ್ನು ಎತ್ತಿದೆ, ಕೂತೆ. ಕಂಬಿ ಹಿಡಿದವರೆಲ್ಲ ನನ್ನ ಕಡೆ ತಿರುಗಿದರು. ಪಕ್ಕದಲ್ಲಿ ನಿಂತಿದ್ದ, ನನಗಿಂತಲೂ ಹಿರಿಯರಾದ ನಮ್ಮೂರ ದಿನಸಿ ಅಂಗಡಿಯ ಬ್ಯಾರಿಗಳು ಬಗ್ಗಿ ಕೇಳಿದರು.

“ಅದು ನಿಮ್ದಾ?”

“ಅಲ್ಲ.”

“ಹಾಗಾದ್ರೆ ಸೀಟಿಗೆ ಜನ ಉಂಟಲ್ಲ.”

“ಬಂದ್ರೆ ಏಳ್ತೇನೆ ಬ್ಯಾರಿಗಳೇ.”

ಅವರು ಒಂದು ಹೆಜ್ಜೆ ಆಚೆ ಸರಿದರು, ನಾಳೆ ಯಾರಾದರೂ ಸಾಕ್ಷಿಗೆ ಕರೆದಾರೆಂಬಂತೆ.

ಬೆಳ್ತಂಗಡಿಯಲ್ಲಿ ಇಳಿಯುವಾಗ, ಪರರ ಸೊತ್ತು ನಮಗೇಕೆಂದು ಕರವಸ್ತ್ರವನ್ನು ಮಡಚಿ ಸೀಟಿನ ಮೇಲೆಯೇ ಇಟ್ಟು, “ಕೂತುಕೊಳ್ಳಿ ಬ್ಯಾರಿಗಳೇ” ಎಂದೆ. ಕೆಳಗಿಳಿದು ತಿರುಗಿ ನೋಡಿದರೆ ಅವರು ಕರವಸ್ತ್ರವನ್ನು ನೋಡುತ್ತ ನಿಂತೇ ಇದ್ದಾರೆ.

ಮತ್ತೆ ಬಸ್ಸು ಹತ್ತಿದೆ. ಈ ವಯಸ್ಸಿನಲ್ಲಿ, ಅಷ್ಟು ಜನರ ಕಣ್ಣೆದುರು, ಜೀವನದ ಮೊದಲ ಕಳ್ಳತನ ಮಾಡಿ ಆ ಕರವಸ್ತ್ರವನ್ನು ಕಿಸೆಗೆ ಹಾಕಿಕೊಂಡು ಇಳಿದೆ.

ಬ್ಯಾರಿಗಳು ಕೂತರು.