ದಂಡದ ಬಿ.ಪಿ.

ಮಹಾರಾಷ್ಟ್ರದ ಅಕ್ಕಲಕೋಟ ಬಳಿಯ ಹನ್ನೂರಿನ ಕುರಿಗಾರ ಮನೆತನದ ಸುಗಲಾಬಾಯಿಗೆ ಮೂರು ತಿಂಗಳಿಂದ ತಲೆ ಕೆಟ್ಟಿತ್ತು. ಕಾರಣ, ಮಗ ಅಪ್ಪು. ಇಪ್ಪತ್ಮೂರು ವಯಸ್ಸು, ಆರಡಿ ಎರಡಿಂಚು ಎತ್ತರ, ಕುರಿ ಹಿಂದೆ ಓಡಿ ಓಡಿ ಹುರಿಗಟ್ಟಿದ ಮೈ. ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯೊಂದರಲ್ಲಿ ಕೆಲಸ ನಿಕ್ಕಿಯಾಗಿತ್ತು. ಆರೋಗ್ಯದ ಸರ್ಟಿಫಿಕೇಟ್ ಒಂದೇ ಬಾಕಿ. ಅಕ್ಕಲಕೋಟದ ಡಾಕ್ಟರು ಬಿ.ಪಿ. ನೋಡಿದರು. ರಟ್ಟೆಗೆ ಪಟ್ಟಿಯ ಅಪ್ಪುಗೆ, ಅಪ್ಪುಗೆ ಸಂಕಟ. ನೂರಾ ಐವತ್ತು! ಮೂರು ಸಲ ಹೋದರೂ ಅಷ್ಟೇ. ಸಹಿ ಬೀಳಲಿಲ್ಲ.

ಅಂದಿನಿಂದ ಅಪ್ಪುಗೆ ಉಪ್ಪು ಬಂದ್. ಒಬ್ಬನಿಗೆ ಬೇರೆ ಅಡುಗೆ ಮಾಡುವವರ್ಯಾರು? ಇಡೀ ಮನೆ ಸಪ್ಪೆಯಾಯಿತು.

"ಬಿ.ಪಿ. ಅವಂದು, ಶಿಕ್ಷಾ ನಮಗ," ಎಂದು ಗಂಡ ಹಣಮಂತಪ್ಪ ಗೊಣಗಿದ.

"ಸುಮ್ಮ ತಿನ್ರಿ. ಮಾತಿನ್ಯಾಗ ಖಾರ ಐತಲ್ಲ, ಅದನ್ನ ನೆಂಚಗೋರಿ."

ಕಡೆಗೆ ತಾಯಿ-ಮಗ ಸೋಲಾಪುರದ ಹೃದಯದ ಡಾಕ್ಟರ ಬಳಿ ಹೋದರು. ಅಲ್ಲೂ ಅದೇ ಪಟ್ಟಿ.

"ಮತ್ತ ಅದs? ಇದಕ್ಕ ಇಲ್ಲೀತನಕ ಬರಬೇಕಿತ್ತೇನು?" ಎಂದಳು ಸುಗಲಾಬಾಯಿ.

ಆದರೆ ಈ ಪಟ್ಟಿಗೆ ಬೇರೊಂದು ಯಂತ್ರ ಜೋಡಿಸಿದ್ದರು. ಸೂಜಿಯಿಲ್ಲ, ಕೊಯ್ತವಿಲ್ಲ, ರಟ್ಟೆಯ ನಾಡಿಯ ಅಲೆ ಓದಿ, ಹೃದಯದ ಹತ್ತಿರದ ಒತ್ತಡ ಎಷ್ಟೆಂದು ಅದು ಲೆಕ್ಕ ಹಾಕಿತು. ಡಾಕ್ಟರು ಮರಾಠಿಯಲ್ಲಿ, "ದಂಡಾತ ಜಾಸ್ತ ಆಹೆ," ಎಂದರು.

ಸುಗಲಾಬಾಯಿ ಸಿಡಿದಳು. "ದಂಡ ಯಾಕ್ರಿ ಸಾಹೇಬ್ರ? ನನ್ನ ಮಗ ಏನ್ ಗುನ್ಹೆ ಮಾಡ್ಯಾನ?"

ಅಪ್ಪು ಹಣೆ ಬಡಿದುಕೊಂಡ. "ಯವ್ವಾ, ಮರಾಠ್ಯಾಗ ದಂಡ ಅಂದ್ರ ರಟ್ಟಿ!"

ಡಾಕ್ಟರು ನಗುತ್ತ ಕನ್ನಡಕ್ಕೆ ಇಳಿದರು. "ಬಾಯಾರ, ಬಾರಕೋಲ ಬೀಸಿದ್ರ ಸಪ್ಪಳ ಎಲ್ಲಿ ಬರತೈತಿ?"

"ತುದೀಗಿ."

"ಇವನ ರಕ್ತನಾಳ ಹಂಗ. ಎತ್ತರದ ಹರೇದ ಹುಡುಗ್ರಿಗೆ ಒಮ್ಮೊಮ್ಮೆ ಹಿಂಗಾಗತೈತಿ. ರಟ್ಟ್ಯಾಗ ನೂರಾ ಐವತ್ತು, ಎದಿ ಹತ್ರ ನೂರಾ ಹದಿನೆಂಟು. ಈಗ ಗುಳಿಗಿ ಬ್ಯಾಡ. ಆರ್ ತಿಂಗಳಿಗೊಮ್ಮೆ ಮಾತ್ರ ತಪ್ಪದ ತೋರಸ್ರಿ."

ಅವರು ಕೊಟ್ಟ ಚೀಟಿ ಹಿಡಿದು ಮತ್ತೆ ಅಕ್ಕಲಕೋಟ. ಅಲ್ಲಿಯ ಡಾಕ್ಟರು ಫಾರ್ಮು ತಿರುವಿ ತಿರುವಿ ನೋಡಿದರು. "ರಟ್ಟೀ ಬಿ.ಪಿ.ಗೆ ಅಷ್ಟ ಚೌಕ ಐತ್ರಿ. ಎದೀದು ಬರಿಯಾಕ ಜಾಗಾನ ಇಲ್ಲ."

"ಕಾಗದದಾಗ ಜಾಗ ಇಲ್ಲಂತ ನನ್ನ ಮಗಗ ಎದೀನೂ ಇಲ್ಲೇನ್ರಿ?"

ಡಾಕ್ಟರು ಚೀಟಿಯನ್ನು ಇನ್ನೊಮ್ಮೆ ಓದಿದರು. ಫಾರ್ಮಿನ ಅಂಚಿನಲ್ಲಿ ಇರುವೆ ಸಾಲಿನಂತೆ ಎರಡನೆಯ ಬಿ.ಪಿ. ಬರೆದು ಸಹಿ ಹಾಕಿದರು.

ಅಂದು ಮನೆಯಲ್ಲಿ ಶೇಂಗಾ ಚಟ್ನಿಗೆ ಉಪ್ಪು ಬಿತ್ತು. ಹಣಮಂತಪ್ಪ ಬೆರಳು ನೆಕ್ಕುತ್ತ ಕೇಳಿದ: "ಹಂಗಾರ ಮೂರ್ ತಿಂಗಳ ತಿಂದ ಸಪ್ಪನ ಭಕ್ರಿ?"

"ದಂಡ," ಎಂದಳು ಸುಗಲಾಬಾಯಿ. "ಕನ್ನಡದ್ದು."